ಸುತ್ತ ಪೈಲ್ ಹಾಕಿದ್ಮೇಲೂ ಅಡ್ಡಡ್ಡ ಕಬ್ಬಿಣದ ಪೈಪ್ ಯಾಕೆ?

ಪ್ರಶ್ನೆ: ಸರ್, ನಾವಿರೋದು ಮುಂಬೈನ ಚೆಂಬೂರಲ್ಲಿ. ಪಕ್ಕದ ಹಳೇ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿದೆ, ಎರಡು ಬೇಸ್‌ಮೆಂಟ್ ಅಂತೆ. ಸುತ್ತ ಪೈಲ್ ಹಾಕಿ ಮುಗಿಸಿದಾರೆ, ಈಗ ಅಡ್ಡಡ್ಡ ದಪ್ಪ ಪೈಪ್ ಕೂರಿಸ್ತಿದಾರೆ. ಪೈಲ್ ಗಟ್ಟಿ ಇದ್ರೆ ಇದು ಯಾಕೆ ಬೇಕು?

ಉತ್ತರ: ಬೇಕೇ ಬೇಕು. ಪೈಲ್ ಅಂದ್ರೆ ನೆಲದಾಳಕ್ಕೆ ಇಳಿಸಿದ ಕಂಬ, ಅದರ ಸಾಲೇ ಇಲ್ಲಿ ಗುಂಡಿಗೆ ಗೋಡೆ. ಮೇಲೆ ಆಸರೆ ಇಲ್ದೆ ಬುಡದಲ್ಲಷ್ಟೇ ಹಿಡಿದು ನಿಂತಿರೋ ಗೋಡೆಗೆ ಅಗೆಯೋ ಆಳ ಎರಡು ಪಟ್ಟಾದ್ರೆ ಬೆಂಡಿಂಗ್, ಅಂದ್ರೆ ಅದನ್ನ ಬಗ್ಗಿಸೋ ಪರಿಣಾಮ, ಹೆಚ್ಚುಕಮ್ಮಿ ಎಂಟು ಪಟ್ಟಾಗತ್ತೆ, ಅದಕ್ಕೇ ಮೂರು ಮೀಟರಿಗೆ ಆರಾಮಾಗಿ ನಿಂತ ಪೈಲು ಆರು ಮೀಟರಿಗೆ ಒಳಕ್ಕೆ ವಾಲೋಕೆ ಶುರು ಮಾಡತ್ತೆ. ನೀವು ನೋಡಿದ ಪೈಪಿಗೆ ಸ್ಟ್ರಟ್ ಅಂತೀವಿ, ಗೋಡೆಗುಂಟ ಮಲಗಿರೋ ತೊಲೆ ವೇಲರ್. ಗೋಡೆ ವೇಲರನ್ನ ತಳ್ಳತ್ತೆ, ವೇಲರ್ ಸ್ಟ್ರಟ್ಟನ್ನ, ಸ್ಟ್ರಟ್ ಎದುರಿನ ಗೋಡೆನ. ಜಾಗ ತೀರಾ ಅಗಲ ಇದ್ರೆ ಸ್ಟ್ರಟ್ ಬದಲು ಹಿಂದಿನ ಕಲ್ಲಿಗೆ ಆಂಕರ್ (ಗೋಡೆನ ಹಿಂದಕ್ಕೆ ಎಳೆದು ಹಿಡಿಯೋ ಉಕ್ಕಿನ ಸರಳು) ಹೊಡೀತಾರೆ, ಆದ್ರೆ ಅದು ಪಕ್ಕದವರ ಜಾಗದ ಕೆಳಗೆ ಹೋಗತ್ತೆ, ಅವರ ಒಪ್ಪಿಗೆ ಬೇಕು.

ಇನ್ನು ತಳ್ಳೋದು ಯಾರು? ಮಣ್ಣು ಅಂತ ಎಲ್ರೂ ಅಂದ್ಕೋತಾರೆ, ಮುಂಬೈ ಮಳೆಗಾಲದಲ್ಲಿ ದೊಡ್ಡ ಪಾಲು ನೀರಿಂದೇ. ಎಂಟು ಮೀಟರ್ ಗುಂಡಿ ತಗೊಳ್ಳಿ. ಮರಳು ಮಿಶ್ರಿತ ಮಣ್ಣು, ನೀರಿಲ್ಲ ಅಂದ್ರೆ ತಳದಲ್ಲಿ ಒತ್ತಡ ಚದರ ಮೀಟರಿಗೆ ಸುಮಾರು 4.8 ಟನ್. ಅದೇ ಮಣ್ಣಲ್ಲಿ ನೀರು ಮೇಲಿನ ತನಕ ನಿಂತ್ರೆ, ನೀರು ಮಣ್ಣಿನ ಕಣಗಳನ್ನ ಮೇಲೆತ್ತೋದ್ರಿಂದ ಮಣ್ಣಿನ ಪಾಲು ಸುಮಾರು 2 ಟನ್ನಿಗೆ ಇಳಿಯತ್ತೆ, ಆದ್ರೆ ನೀರಿಂದೇ 8 ಟನ್, ಒಟ್ಟು 10. ಡಬಲ್ ಆಯ್ತಲ್ಲ! ಪೈಲ್ ಮಧ್ಯದ ಸಂದಿಯಿಂದ ನೀರು ಬಿಟ್ಕೊಂಡ್ರೆ ಗೋಡೆ ಮೇಲಿನ ಭಾರ ಕಮ್ಮಿ ಆಗತ್ತೆ ನಿಜ, ಆದ್ರೆ ನಿಮ್ಮ ಬಿಲ್ಡಿಂಗ್ ಕೆಳಗಿನ ನೀರಿನ ಮಟ್ಟ ಇಳಿದು ಸಣ್ಣ ಮರಳು ಕೊಚ್ಕೊಂಡು ಬಂದು ಪಾಯ ಕೂರೋ ಅಪಾಯ ಇದೆ. ಹೊರಗೆ ಬರೋ ನೀರು ಕೆಸರಾಗಿದ್ರೆ ಕೂಡ್ಲೇ ಡೆವಲಪರಿಗೆ ಹೇಳಿ, ತಡ ಮಾಡ್ಬೇಡಿ.

ನನ್ನ ಪ್ರಕಾರ ಡಿಸೈನಲ್ಲಿ ಜೀವ ಇರೋದು ಜಾಯಿಂಟಲ್ಲಿ. 2004ರ ಏಪ್ರಿಲ್ 20ಕ್ಕೆ ಸಿಂಗಾಪುರದ ನಿಕೋಲ್ ಹೈವೇ ಹತ್ರ ಮೆಟ್ರೋಗೆ ಅಗೀತಿದ್ದ ಆಳದ ಗುಂಡಿ ಕುಸಿದು ನಾಲ್ಕು ಜನ ಸತ್ರು. ಅಲ್ಲಿ ಡಯಾಫ್ರಾಮ್ ಗೋಡೆ (ನೆಲದೊಳಗೇ ಎರೆದ ಕಾಂಕ್ರೀಟ್ ಗೋಡೆ), ಸಾಲುಸಾಲು ಸ್ಟ್ರಟ್ ಎಲ್ಲಾ ಇತ್ತು, ಕೈಕೊಟ್ಟಿದ್ದು ಸ್ಟ್ರಟ್ ವೇಲರಿಗೆ ಕೂಡೋ ಜಾಗ, ಜತೆಗೆ ಜೇಡಿಮಣ್ಣಿನ ಬಲವನ್ನ ಲೆಕ್ಕದಲ್ಲಿ ಜಾಸ್ತಿ ಹಿಡಿದಿದ್ರು. ಸೈಟಲ್ಲಿ ನಾನು ಮೊದ್ಲು ನೋಡೋದು ವೇಲರ್ ಹಿಂದಿನ ಸಂದಿ. ಪೈಲ್ ಮುಖ ಯಾವತ್ತೂ ನೇರ ಇರಲ್ಲ, ಒಂದು ಕಡೆ ಅಂಟಿರತ್ತೆ, ಇನ್ನೊಂದು ಕಡೆ ಬೆರಳು ತೂರೋಷ್ಟು ಜಾಗ. ಅದಕ್ಕೆ ಕಾಂಕ್ರೀಟ್ ತುಂಬದಿದ್ರೆ ಗೋಡೆ ಆ ಸಂದಿ ಮುಚ್ಚೋವರೆಗೂ ಒಳಗೆ ಬರತ್ತೆ, ಹಿಂದಿನ ನೆಲನೂ ಅದರ ಜತೆ ಇಳಿಯತ್ತೆ.

ಆಮೇಲೆ ಕ್ರಮ. ಸ್ಟ್ರಟ್ ಕೂರಿಸ್ದೆ ಅದರ ಕೆಳಗೆ ಡ್ರಾಯಿಂಗಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಅಗೀಬಾರದು, ಬೇಸ್‌ಮೆಂಟ್ ಸ್ಲ್ಯಾಬ್ ಬಲ ಬಂದು ಗೋಡೆನ ಹಿಡಿಯೋವರೆಗೂ ಸ್ಟ್ರಟ್ ತೆಗೀಲೂಬಾರದು. ಅಗೆಯೋ ಪೋಕ್ಲೇನ್ ಯಂತ್ರಕ್ಕೆ ಅಡ್ಡ ಬರತ್ತೆ ಅಂತ ಒಂದು ಪೈಪ್ ಬೇಗ ಬಿಚ್ಚಿದ್ರೆ ಅದರ ಭಾರ ಪಕ್ಕದ್ದರ ಮೇಲೆ ಬೀಳತ್ತೆ.

ನಿಮ್ಮ ಸೊಸೈಟಿ ಕಡೆಯಿಂದ ಈಗ್ಲೇ ಬಿಲ್ಡಿಂಗಿನ ಬಿರುಕುಗಳ ಫೋಟೋ ತಾರೀಕು ಸಮೇತ ತೆಗೆದಿಡಿ, ಇನ್‌ಕ್ಲಿನೋಮೀಟರ್ (ಗೋಡೆ ಎಷ್ಟು ವಾಲಿದೆ ಅನ್ನೋದು) ಮತ್ತೆ ಸೆಟಲ್‌ಮೆಂಟ್ (ನೆಲ ಎಷ್ಟು ಕೂತಿದೆ ಅನ್ನೋದು) ರೀಡಿಂಗ್ ವಾರಕ್ಕೊಮ್ಮೆ ಕೊಡಿ ಅಂತ ಡೆವಲಪರಿಗೆ ಬರವಣಿಗೆಯಲ್ಲಿ ಕೇಳಿ. ಯಾವ ರೀಡಿಂಗ್ ದಾಟಿದ್ರೆ ಕೆಲಸ ನಿಲ್ಲಿಸ್ತೀರ ಅಂತಾನೂ ಅದರಲ್ಲೇ ಕೇಳಿ.