ಹಾರಿದ್ದೆಲ್ಲ ಹಕ್ಕಿಯಲ್ಲ

ಹಾರುವುದು ಹಕ್ಕಿ, ಈಜುವುದು ಮೀನು, ಹೊಟ್ಟೆಯ ಮೇಲೆ ಹರಿಯುವುದು ಹಾವು. ನನ್ನ ಅಜ್ಜಿಯ ಪ್ರಾಣಿಶಾಸ್ತ್ರ ಇಷ್ಟಕ್ಕೇ ಮುಗಿಯುತ್ತಿತ್ತು. ಮುಸ್ಸಂಜೆ ಹೊತ್ತಿಗೆ ಮರದಿಂದ ಏಳುವ ಬಾವಲಿ ಅವಳಿಗೆ ಒಂದು ಬಗೆಯ ಹಕ್ಕಿ. ಬತ್ತುತ್ತಿರುವ ಕೆರೆಯ ಕೆಸರಿನಲ್ಲಿ ಸಿಕ್ಕ ಹಾವುಮೀನನ್ನು ಹಾವೆಂದೇ ಎಣಿಸಿ ಹೊಸ್ತಿಲು ದಾಟಿಸುತ್ತಿರಲಿಲ್ಲ. ಕಿವಿರು ಇದೆ, ಬೆನ್ನುದ್ದಕ್ಕೂ ಈಜುರೆಕ್ಕೆ ಇದೆ ಎಂದು ತೋರಿಸಿದರೂ ಕೇಳುತ್ತಿರಲಿಲ್ಲ.

ಬಾವಲಿಯ ವಿಷಯದಲ್ಲಿ ಕೋಲಾರದ ನಾವು ತಪ್ಪು ಮಾಡಬಾರದು. ಜಿಲ್ಲೆಯ ಹೆಸರು ಹೊತ್ತ ಕೋಲಾರ ಎಲೆಮೂಗಿನ ಬಾವಲಿ ಈಗ ಜಗತ್ತಿನಲ್ಲಿ ಉಳಿದಿರುವುದು ನಮ್ಮ ಹನುಮನಹಳ್ಳಿಯ ಗವಿಯೊಂದರಲ್ಲಿ ಮಾತ್ರ, ಅದೂ ಇನ್ನೂರರ ಆಸುಪಾಸಿನಲ್ಲಿ. 1994ರಲ್ಲಿ ಇದನ್ನು ಹೊಸ ಪ್ರಭೇದವೆಂದು ಗುರುತಿಸಲಾಯಿತು. ತೇರಹಳ್ಳಿಯ ಗವಿಯಲ್ಲಿದ್ದವು ಆಮೇಲೆ ಕಾಣೆಯಾದವು. ಹೆಸರಿಗೆ ತಕ್ಕಂತೆ ಮೂಗಿನ ಸುತ್ತ ಎಲೆಯಂತೆ ಮಡಿಕೆಬಿದ್ದ ತೊಗಲು. ಈ ಕುಟುಂಬದ ಬಾವಲಿಗಳು ಬೇಟೆಯಾಡುವಾಗ ಸದ್ದು ಹೊರಡಿಸುವುದು ಮೂಗಿನಿಂದ. ನಮ್ಮ ಕಿವಿಗೆ ನಿಲುಕದ ಆ ಸದ್ದು ಹುಳುವಿಗೆ ಬಡಿದು ಮರಳುತ್ತದೆ, ಕತ್ತಲಲ್ಲೂ ಊಟದ ಜಾಗ ಗೊತ್ತಾಗುತ್ತದೆ.

ಬಾವಲಿಯ ರೆಕ್ಕೆ ಬಿಡಿಸಿದರೆ ಕಾಣುವುದು ಒಂದು ಕೈ. ಹೆಬ್ಬೆರಳು ಕೊಕ್ಕೆಯಂತೆ ಹೊರಗೆ ಚಾಚಿದೆ. ಉಳಿದ ನಾಲ್ಕು ಬೆರಳು ಕೊಡೆಯ ಕಡ್ಡಿಗಳಂತೆ ನೀಳವಾಗಿ ಬೆಳೆದು, ನಡುವೆ ತೆಳು ತೊಗಲು ಬಿಗಿದುಕೊಂಡಿದೆ. ಗರಿ ಒಂದೂ ಇಲ್ಲ. ಮೈಮೇಲೆ ಕೂದಲು, ಮರಿಗೆ ಮೊಲೆಹಾಲು. ಕುತ್ತಿಗೆಯಲ್ಲಿ ಏಳು ಮೂಳೆ, ನಮಗಿರುವಷ್ಟೇ, ಜಿರಾಫೆಗಿರುವಷ್ಟೇ. ಹಾರಿದರೂ ಅದು ಸಸ್ತನಿ. ಸಸ್ತನಿಗಳ ಪ್ರಭೇದಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಬಾವಲಿಗಳದ್ದೇ.

ಬೆನ್ನುಮೂಳೆಯ ಪ್ರಾಣಿಗಳನ್ನು ವಿಂಗಡಿಸುವಾಗ ಅದು ಎಲ್ಲಿ ಓಡಾಡುತ್ತದೆ ಎಂಬುದು ಲೆಕ್ಕಕ್ಕಿಲ್ಲ. ಮೈಗೆ ಏನು ಹೊದಿಕೆ, ಉಸಿರು ಹೇಗೆ, ಮೊಟ್ಟೆ ಎಂಥದು, ಹೃದಯಕ್ಕೆ ಕೋಣೆ ಎಷ್ಟು ಎಂದು ಕೇಳಬೇಕು. ಮೀನಿಗೆ ಎರಡು ಕೋಣೆ. (ಶಾಲೆಯಲ್ಲಿ ಮೀನೆಲ್ಲ ಒಂದೇ ವರ್ಗ ಎಂದು ಕಲಿತೆವು. ಮೃದ್ವಸ್ಥಿಯ ಶಾರ್ಕ್, ಮೂಳೆಯ ಕಾಟ್ಲಾ, ದವಡೆಯೇ ಇಲ್ಲದ ಲ್ಯಾಂಪ್ರೆ ಒಂದೇ ವರ್ಗಕ್ಕೆ ಸೇರುವುದಿಲ್ಲ.)

ಕಪ್ಪೆಯದು ಎರಡು ಬಾಳು. ಮೊದಲ ಮಳೆಗೆ ಹೊಂಡದಲ್ಲಿ ಬಿಟ್ಟ ಲೋಳೆಯಂಥ ಮೊಟ್ಟೆಗೆ ಚಿಪ್ಪಿಲ್ಲ. ಅದರಿಂದ ಬಂದ ಗೊದಮೊಟ್ಟೆಗೆ ಮೀನಿನಂತೆ ಕಿವಿರು. ಹಿಂಗಾಲು ಮೂಡುತ್ತದೆ, ಮುಂಗಾಲು ಮೂಡುತ್ತದೆ, ಬಾಲ ಮೈಯಲ್ಲೇ ಕರಗುತ್ತದೆ, ಶ್ವಾಸಕೋಶ ಬಲಿಯುತ್ತದೆ. ಬೆಳೆದ ಕಪ್ಪೆ ತೊಗಲಿನಿಂದಲೂ ಉಸಿರಾಡುತ್ತದೆ. ಅದಕ್ಕೇ ಮೈಯ ಪಸೆ ಆರುವಂತಿಲ್ಲ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಕಪ್ಪೆಗಳು ಮಣ್ಣೊಳಗೆ ಅಡಗುವುದು ಸುಮ್ಮನೆ ಅಲ್ಲ.

ಬೇಲಿಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತನಿಗೆ ಆ ಚಿಂತೆಯಿಲ್ಲ. ಮೈಗೆ ಒಣ ಹುರುಪೆ, ಮೊಟ್ಟೆಗೆ ಚಿಪ್ಪು. ಮರಿಯ ಪಾಲಿನ ನೀರನ್ನು ಮೊಟ್ಟೆಯೊಳಗೇ ಕಟ್ಟಿಕೊಟ್ಟ ಮೇಲೆ ಹೊಂಡದ ಹಂಗೇಕೆ? ಮೈ ಬಿಸಿಗೆ ಮಾತ್ರ ಸೂರ್ಯನ ಹಂಗಿದೆ.

ಹಕ್ಕಿಯ ಮೈಬಿಸಿ ಸ್ವಂತದ್ದು, ಗರಿಗಳೂ ಸ್ವಂತದ್ದು. ಬೇರಾವ ಜೀವಂತ ಪ್ರಾಣಿಗೂ ಗರಿಯಿಲ್ಲ. ಆದರೆ ಸಂತೆಯಲ್ಲಿ ನಾಟಿಕೋಳಿಯ ಕಾಲನ್ನು ಹತ್ತಿರದಿಂದ ನೋಡಿ. ಗರಿ ನಿಂತಲ್ಲಿಂದ ಉಗುರಿನವರೆಗೆ ಸಾಲುಸಾಲು ಹುರುಪೆ. ಕೋಳಿಯ ಹೃದಯಕ್ಕೆ ನಾಲ್ಕು ಕೋಣೆ. ಸರೀಸೃಪಗಳ ಗುಂಪಿನಲ್ಲಿ ಮೊಸಳೆಯ ಹೃದಯಕ್ಕೂ ನಾಲ್ಕು, ಓತಿಕ್ಯಾತನಿಗೆ ಮೂರೇ. ಮೊಸಳೆಗೆ ಹತ್ತಿರದ ನೆಂಟ ಓತಿಕ್ಯಾತನಲ್ಲ, ಆ ಕೋಳಿ.