ಸ್ಟಾರ್ ಸಿಗದ ಹುಡುಗ ಕೋಚ್ ಕಣ್ಣಿಗೆ ಬೀಳುವುದು ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಐದು ಸ್ಟಾರ್ ರೇಟಿಂಗ್‌ನ (ಹೈಸ್ಕೂಲ್ ಆಟಗಾರರಿಗೆ ವಿಶ್ಲೇಷಕರು ಕೊಡುವ ಅತ್ಯುನ್ನತ ದರ್ಜೆ) ಹುಡುಗರೆಲ್ಲ ದೊಡ್ಡ ಕಾಲೇಜುಗಳ ಪಾಲು. ಉಳಿದ ಕೋಚ್‌ಗಳು ಒಳ್ಳೆ ಆಟಗಾರರನ್ನು ಎಲ್ಲಿಂದ ಹುಡುಕುತ್ತಾರೆ?

ಉತ್ತರ: ಕಾಲೇಜುಗಳು ಕೊಡುವ ಸ್ಕಾಲರ್‌ಶಿಪ್ ಆಫರ್‌ಗಳಲ್ಲಿ ಹೆಚ್ಚಿನವು ಹನ್ನೊಂದನೇ ತರಗತಿ ಮುಗಿಯುವ ಹೊತ್ತಿಗೇ ಹಂಚಿಹೋಗಿರುತ್ತವೆ. ಆಮೇಲೆ ಮೂರಿಂಚು ಬೆಳೆದವನು, ಆ ವರ್ಷ ಗಾಯವಾಗಿ ಕೂತವನು, ಬೇಸಿಗೆ ಕ್ಯಾಂಪ್‌ಗೆ ಹೋಗಲು ದುಡ್ಡಿಲ್ಲದವನು ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ಹೆಸರಾಂತ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವ) ಆದ ಜೋಶ್ ಅಲೆನ್ ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜುಗಳ ಒಂದು ಸ್ಕಾಲರ್‌ಶಿಪ್ಪೂ ಕೈಯಲ್ಲಿರಲಿಲ್ಲ. ಕ್ಯಾಲಿಫೋರ್ನಿಯಾದ ರೀಡ್ಲಿ ಎಂಬ ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಆಡಿ, ವಯೋಮಿಂಗ್ ವಿಶ್ವವಿದ್ಯಾಲಯಕ್ಕೆ ಹೋಗಿ, 2018ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಏಳನೆಯವರಾಗಿ ಆಯ್ಕೆಯಾದರು. ಆದ್ದರಿಂದ ಜಾಣ ಕೋಚ್ ಹನ್ನೆರಡನೇ ತರಗತಿಯ ಮೊದಲ ಮೂರು–ನಾಲ್ಕು ಪಂದ್ಯಗಳ ವಿಡಿಯೊವನ್ನು ಸೆಪ್ಟೆಂಬರ್‌ನಲ್ಲಿ ಹೊಸದಾಗಿ ನೋಡುತ್ತಾನೆ. ಡಿಸೆಂಬರ್‌ನಲ್ಲಿ ಹುಡುಗರು ಕಾಲೇಜು ತಂಡ ಸೇರಲು ಸಹಿ ಹಾಕುವ ಅವಧಿ ಶುರುವಾಗುತ್ತದೆ, ಕೈಯಲ್ಲಿ ಹೆಚ್ಚೆಂದರೆ ಮೂರು ತಿಂಗಳು.

ನೋಡಬೇಕಾದ್ದು ಹುಡುಗ ಕಳಿಸುವ ಮೂರು ನಿಮಿಷದ ಹೈಲೈಟ್ಸ್ ಅಲ್ಲ, ಅದರಲ್ಲಿ ಎಲ್ಲರೂ ಶೂರರೇ. ಬಲವಾದ ಎದುರಾಳಿಯ ಎದುರು ಸೋತ ಪಂದ್ಯವೊಂದನ್ನು ಪೂರ್ತಿ ತರಿಸಿಕೊಳ್ಳಬೇಕು. ಸಣ್ಣ ಊರಿನ ಶಾಲೆಯಲ್ಲಿ 300 ಪೌಂಡ್‌ನ ಹುಡುಗ 180 ಪೌಂಡ್‌ನವನನ್ನು ಕೆಡವುವುದು ದೊಡ್ಡ ಮಾತಲ್ಲ. ಎದುರಾಳಿ ಕೆಳಗೆ ಬಿದ್ದನೇ ಅನ್ನುವುದನ್ನು ಬಿಟ್ಟು ಇವನ ಕಾಲು ನೋಡಿ: ತಾಗಿದ ಮೇಲೂ ಹೆಜ್ಜೆ ಓಡುತ್ತಿದೆಯೇ, ಮಂಡಿ ಬಗ್ಗುತ್ತದೆಯೇ, ಸೊಂಟದಿಂದ ಮುಂದಕ್ಕೆ ಮುಗ್ಗರಿಸುತ್ತಾನೆಯೇ? ಚೆಂಡು ಆಚೆ ಬದಿಗೆ ಹೋದಾಗ ನಿಂತುಬಿಡುತ್ತಾನೋ ಬೆನ್ನಟ್ಟುತ್ತಾನೋ?

ಇನ್ನೊಂದು ದೊಡ್ಡ ಗಣಿ, ತಪ್ಪು ಜಾಗದಲ್ಲಿ ಆಡುತ್ತಿರುವವರು. ಸಣ್ಣ ಶಾಲೆಗಳಲ್ಲಿ ಇದ್ದುದರಲ್ಲಿ ಒಳ್ಳೆ ಅಥ್ಲೀಟ್‌ಗೇ ಚೆಂಡು ಕೊಡುತ್ತಾರೆ. ಲೇನ್ ಜಾನ್ಸನ್ ಹೈಸ್ಕೂಲ್‌ನಲ್ಲೂ ಜೂನಿಯರ್ ಕಾಲೇಜಿನಲ್ಲೂ ಕ್ವಾರ್ಟರ್‌ಬ್ಯಾಕ್. ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಟೈಟ್ ಎಂಡ್ (ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ), ಡಿಫೆನ್ಸಿವ್ ಎಂಡ್ (ಅಂಚಿನಿಂದ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವ) ಆಗಿ, ಕೊನೆಗೆ ಆಫೆನ್ಸಿವ್ ಟ್ಯಾಕಲ್ (ತನ್ನ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವ) ಆಗಿ 2013ರಲ್ಲಿ ನಾಲ್ಕನೆಯವರಾಗಿ ಡ್ರಾಫ್ಟ್ ಆದರು. ಜೆರ್ರಿ ಹ್ಯೂಸ್ ಹೈಸ್ಕೂಲ್‌ನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್. ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಅವರನ್ನು ಡಿಫೆನ್ಸಿವ್ ಎಂಡ್ ಮಾಡಿತು, 2010ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಇಂಥವರ ಅಂಕಿ-ಅಂಶ ಸಾಧಾರಣವಾಗಿರಬಹುದು. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಅವರ ಪಾದ ಎಷ್ಟು ಚುರುಕು, ತೋಳು ಎಷ್ಟು ಉದ್ದ ಅನ್ನುವುದು ಹೆಚ್ಚು ಹೇಳುತ್ತದೆ.

ಅಳತೆಯಲ್ಲಿ ಮೋಸ ಜಾಸ್ತಿ. ಶಾಲೆಯ ಪಟ್ಟಿಯಲ್ಲಿ ಆರಡಿ ಮೂರು ಇದ್ದವನು ಗೋಡೆಗೆ ನಿಲ್ಲಿಸಿದರೆ ಆರಡಿ ಒಂದು ಆಗುವುದು ಮಾಮೂಲಿ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ 40 ಗಜದ ಓಟವನ್ನು ನಂಬುವ ಬದಲು ಅಥ್ಲೆಟಿಕ್ಸ್ ಕೂಟದ ವಿದ್ಯುನ್ಮಾನ ಸಮಯವನ್ನು ತೆಗೆಯಿರಿ, ಅದು ಸಾರ್ವಜನಿಕ ದಾಖಲೆ. ಕೈಯಲ್ಲಿ ಅಳೆದ 100 ಮೀಟರ್ ಓಟಕ್ಕೆ 0.24 ಸೆಕೆಂಡ್ ಸೇರಿಸುವುದು ವಾಡಿಕೆ, ಹಾಗಾಗಿ 11.0 ಎಂದರೆ ವಾಸ್ತವದಲ್ಲಿ 11.24. ಮುಂಚೂಣಿಯಲ್ಲಿ ತಳ್ಳಾಡುವ ಲೈನ್‌ಮನ್‌ಗೆ ಶಾಟ್‌ಪುಟ್ ದೂರ ನೋಡಿ.

ಇಷ್ಟೆಲ್ಲ ಮಾಡಿ ಮಾರ್ಕ್ಸ್‌ಕಾರ್ಡ್ ಕೊನೆಗೆ ಕೇಳಿದರೆ ಶ್ರಮವೆಲ್ಲ ನೀರುಪಾಲು. ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ 1ಕ್ಕೆ ಹೈಸ್ಕೂಲ್‌ನ 16 ಮುಖ್ಯ ವಿಷಯಗಳು ಬೇಕು, ಅವುಗಳಲ್ಲಿ 10 ಹನ್ನೆರಡನೇ ತರಗತಿಗೆ ಮುಂಚೆಯೇ ಮುಗಿದಿರಬೇಕು, ಅವುಗಳ ಗ್ರೇಡ್ ಸರಾಸರಿ 4ಕ್ಕೆ ಕನಿಷ್ಠ 2.3 ಇರಬೇಕು. ಇಲ್ಲಿ ಎಡವಿದವರು ಜೂನಿಯರ್ ಕಾಲೇಜಿನ ದಾರಿ ಹಿಡಿಯುತ್ತಾರೆ. ಅಲ್ಲೂ ಹುಡುಕುವವರಿಗೆ ಫಸಲಿದೆ.

ಈಚೆಗೆ ಕೆಲಸ ಕಷ್ಟವಾಗಿದೆ. 2018ರಲ್ಲಿ ಬಂದ ಟ್ರಾನ್ಸ್‌ಫರ್ ಪೋರ್ಟಲ್‌ನಿಂದಾಗಿ (ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಪಟ್ಟಿ) ಪಳಗಿದ ಇಪ್ಪತ್ತೊಂದರ ಆಟಗಾರ ಸುಲಭವಾಗಿ ಸಿಗುವಾಗ, ಬೆಳೆಯಲು ಎರಡು ವರ್ಷ ಬೇಕಾದ ಹುಡುಗನಿಗೆ ಕಾಯುವವರು ಕಡಿಮೆ. ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿ ಮಾಡಿದ 2025ರ ‘ಹೌಸ್’ ಮೊಕದ್ದಮೆಯ ಒಪ್ಪಂದದ ಬಳಿಕ ಅದಕ್ಕೆ ಒಳಪಟ್ಟ ತಂಡಗಳು 105 ಜನರನ್ನು ಮೀರುವಂತಿಲ್ಲ. ಸೆಂಟ್ರಲ್ ಮಿಶಿಗನ್‌ನ ಸ್ಕಾಲರ್‌ಶಿಪ್ ಬಿಟ್ಟು ಮುಂದೆ ಎನ್‌ಎಫ್‌ಎಲ್ ತಾರೆಯಾದ ಜೆ.ಜೆ. ವಾಟ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದ್ದು ವಾಕ್-ಆನ್ ಆಗಿ, ಅಂದರೆ ಸ್ಕಾಲರ್‌ಶಿಪ್ ಇಲ್ಲದ ಆಟಗಾರನಾಗಿ. ಮೊದಲು ಕಿತ್ತುಹೋಗುತ್ತಿರುವುದು ಅಂಥ ಜಾಗಗಳೇ.