ಅಪ್ಪನ ಗಂಟಲು, ಮಗಳ ಸಂಬಂಧ

ವಿ.ಸಿ. ನಾಲೆ ಏರಿ ಮೇಲಿನ ಟೀ ಅಂಗಡಿಯಲ್ಲಿ ಗೌಡರು ಸಿಕ್ಕಿದ್ದರು. ತಮ್ಮನ ಮಗನಿಗೆ ಹೆಣ್ಣು ನೋಡಿ ಬಂದಿದ್ದರು. "ಹುಡ್ಗಿ ಚೆನ್ನಾಗವ್ಳೆ, ಬಿಎಸ್ಸಿ ಓದವ್ಳೆ. ಆದ್ರೆ ಅವ್ರಪ್ಪ ಗಂಟ್ಲು ಕ್ಯಾನ್ಸರಲ್ಲಿ ಹೋದ್ರಂತೆ. ವಂಸದಲ್ಲೇ ಐತೆ ಅಂದ್ಮೇಲೆ ಯಾಕ್ ಬೇಕು ಬುಡಿ ಮೇಷ್ಟ್ರೇ" ಅಂದರು. ಅಂದವರೇ ಅಂಗಿ ಜೇಬಿನಿಂದ ಬೀಡಿ ಕಟ್ಟು ತೆಗೆದರು. ಒಂದನ್ನು ಎಳೆದು, ಕಿವಿ ಹತ್ತಿರ ಹೊಸಕಿ, ಗರಗರ ಅನ್ನುತ್ತಾ ಅಂತ ನೋಡಿ ಕಡ್ಡಿ ಗೀರಿದರು.

ರೈತರ ಮಕ್ಕಳಿಗೆ ಹೆಣ್ಣು ಸಿಗಲಿ ಅಂತ ನಮ್ಮ ಮಂಡ್ಯದ ಹುಡುಗರು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರು. ಅಂಥ ಕಾಲದಲ್ಲೂ ಒಪ್ಪಿದ ಹೆಣ್ಣನ್ನು ಬೇಡ ಅನ್ನಿಸುವ ಶಕ್ತಿ ಈ ಒಂದು ಮಾತಿಗಿದೆ: ವಂಶದಲ್ಲಿದೆ.

ತಪ್ಪು ಗೌಡರದ್ದೊಂದೇ ಅಲ್ಲ, ನಮ್ಮ ಪದದ್ದೂ ಹೌದು. ಜೀನ್‌ಗೆ ಕನ್ನಡದಲ್ಲಿ 'ವಂಶವಾಹಿ' ಅಂತ ಹೆಸರಿಟ್ಟುಬಿಟ್ಟಿದ್ದೇವೆ. ನಾನೇ ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದು ಮಕ್ಕಳ ಕೈಲಿ ಹತ್ತು ಸಲ ಹೇಳಿಸಿದ್ದೇನೆ. ಚೆಂದದ ಪದವೇ. ಆದರೆ ಅರ್ಧ ಸತ್ಯ. ವಂಶದ ಗುಣ ಹೊತ್ತು ತರುವುದು ಜೀನಿನ ಒಂದು ಕೆಲಸ ಅಷ್ಟೆ. ಆಮೇಲೆ ಆಯುಷ್ಯವಿಡೀ ಅದು ಜೀವಕೋಶದೊಳಗೆ ಕೂತು ದಿನಗೂಲಿ ಮಾಡುತ್ತದೆ. ಯಾವ ಪ್ರೋಟೀನ್ ತಯಾರಾಗಬೇಕು, ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ಸುಮ್ಮನಿರಬೇಕು, ಎಲ್ಲ ಅದರ ಲೆಕ್ಕ. ಕ್ಯಾನ್ಸರ್ ಜೀನಿನ ಕಾಯಿಲೆ ಅಂದರೆ ಈ ದಿನಗೂಲಿಯಲ್ಲಿ ಆಗುವ ಎಡವಟ್ಟು. ಅದನ್ನು 'ವಂಶವಾಹಿಯ ಕಾಯಿಲೆ' ಅಂತ ಪಾಠ ಮಾಡಿದರೆ, ಮನೆಗೆ ಹೋಗುವಷ್ಟರಲ್ಲಿ 'ವಂಶದ ಕಾಯಿಲೆ' ಆಗಿರುತ್ತದೆ. ನಿಜಕ್ಕೂ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುವ ಕ್ಯಾನ್ಸರ್ ನೂರಕ್ಕೆ 5ರಿಂದ 10 ಮಾತ್ರ.

ಎಡವಟ್ಟು ಎಷ್ಟು ಚಿಕ್ಕದಿರಬಹುದು ಗೊತ್ತಾ? ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ಬರಹ, ಜೀನ್ ಅದರ ಒಂದು ತುಂಡು. ಒಂದು ಜೀವಕೋಶದ ಡಿಎನ್‌ಎಯಲ್ಲಿ ಅಪ್ಪನಿಂದ ಬಂದದ್ದು ಸುಮಾರು 300 ಕೋಟಿ ಅಕ್ಷರ, ಅಮ್ಮನಿಂದಲೂ ಅಷ್ಟೇ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶವೊಂದರಲ್ಲಿ ರಾಸ್ ಅನ್ನುವ ಜೀನನ್ನು ಬಿಡಿಸಿ ಓದಿದರು. ಸರಿಯಿರುವ ರಾಸ್‌ಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ ಅಕ್ಷರ. 'ಜಿ' ಇರಬೇಕಾದ ಜಾಗದಲ್ಲಿ 'ಟಿ' ಬಂದು ಕೂತಿತ್ತು. 'ಹಾಲು' ಅಂತ ಬರೆಯುವ ಕಡೆ 'ಹಾಳು' ಅಂತ ಬರೆದ ಹಾಗೆ. ರಾಸ್ ಕೆಲಸ ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಇದ್ದಂತೆ. ಹಸಿರು ಗುಂಡಿ ಒತ್ತಿದರೆ ಕೋಶ ಬೆಳೆಯುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಆ ಒಂದಕ್ಷರ ತಪ್ಪಿದ್ದಕ್ಕೆ ಕೆಂಪು ಗುಂಡಿ ಒಳಗೇ ಸಿಕ್ಕಿಹಾಕಿಕೊಂಡಿತ್ತು. ಮೋಟಾರು ಓಡುತ್ತಲೇ ಇತ್ತು.

ಇಂಥ ಜೀನ್ ನಮ್ಮೊಳಗೇ ಇರುತ್ತದೆ ಅಂತ ಮೊದಲು ತೋರಿಸಿಕೊಟ್ಟದ್ದು ಒಂದು ಕೋಳಿ. ಆ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಡ್ಡೆ ಎದ್ದ ಕೋಳಿಯೊಂದು 1909ರಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಪೇಟನ್ ರೌಸ್ ಕೈಗೆ ಬಂತು. ಆತ ಗಡ್ಡೆ ಅರೆದು, ಜೀವಕೋಶವೂ ದಾಟದಷ್ಟು ಸಣ್ಣಗೆ ಸೋಸಿ, ಆ ನೀರನ್ನು ಬೇರೆ ಕೋಳಿಗಳಿಗೆ ಚುಚ್ಚಿದ. ಅವಕ್ಕೂ ಗಡ್ಡೆ ಬಂತು. ನೀರಿನಲ್ಲಿದ್ದದ್ದು ವೈರಸ್. 1911ರಲ್ಲಿ ಹೇಳಿದ ಈ ಮಾತಿಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ, ಅವನಿಗೆ 87 ವರ್ಷವಾದಾಗ! ಆ ವೈರಸ್‌ನಲ್ಲಿ ಗಡ್ಡೆ ಎಬ್ಬಿಸುತ್ತಿದ್ದದ್ದು ಒಂದೇ ಜೀನ್, ಹೆಸರು ಸಾರ್ಕ್. 1976ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬಿಷಪ್, ವಾರ್ಮಸ್ ಮತ್ತು ಜೊತೆಯವರು ಅದನ್ನೇ ಹುಡುಕುತ್ತಾ ಹೋದರೆ, ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟು ಕೋಳಿಯಲ್ಲೂ ಸಾರ್ಕ್ ಸಿಕ್ಕಿತು. ಅದು ವೈರಸ್‌ನ ಸ್ವಂತದ್ದೇ ಅಲ್ಲ. ಎಂದೋ ಕೋಳಿಯಿಂದ ಕದ್ದು, ಕೆಡಿಸಿ ಇಟ್ಟುಕೊಂಡದ್ದು. ಕಳ್ಳನನ್ನು ಹುಡುಕುತ್ತಾ ಹೋದವರಿಗೆ ಮಾಲಿನ ಮಾಲೀಕ ಸಿಕ್ಕಿದ ಹಾಗಾಯಿತು. ಸಾರ್ಕ್ ನಮ್ಮ ಮೈಯಲ್ಲೂ ಇದೆ, ದಿನವೂ ದುಡಿಯುತ್ತಿದೆ. ಹಾಗಾಗಿ ಕ್ಯಾನ್ಸರ್ ಮಾಟ ಮಾಡಿಸಿ ಒಳಗೆ ಕಳಿಸುವಂಥದ್ದಲ್ಲ. ಕೆಡಬೇಕಾದ್ದು ಒಳಗೇ ಇದೆ.

ಸ್ಟಾರ್ಟರ್ ಒಂದು ಕೆಟ್ಟರೆ ಸಾಕು, ಮೋಟಾರು ಓಡುತ್ತದೆ. ಆದರೆ ಕೋಶ ಸಿಕ್ಕಾಪಟ್ಟೆ ಬೆಳೆಯದಂತೆ ತಡೆಯುವ ಜೀನ್‌ಗಳ ಲೆಕ್ಕ ಬೇರೆ, ನನಗೆ ಬಹಳ ಇಷ್ಟವಾದ ಭಾಗ ಇದು. ನಾಲೆಯ ತೂಬಿಗೆ ಒಂದರ ಹಿಂದೆ ಒಂದು ಎರಡು ಹಲಗೆ ಹಾಕಿದ್ದಾರೆ ಅಂದುಕೊಳ್ಳಿ. ಒಂದು ಅಪ್ಪನದು, ಒಂದು ಅಮ್ಮನದು. ಒಂದು ಮುರಿದರೂ ಗದ್ದೆಗೆ ನೀರು ನುಗ್ಗಲ್ಲ, ಇನ್ನೊಂದು ತಡೆಯುತ್ತದೆ. ಎರಡೂ ಹೋದರೆ ಮಾತ್ರ ಪೈರು ಮುಳುಗುತ್ತದೆ. ಅಮೆರಿಕದ ಡಾಕ್ಟರ್ ಆಲ್ಫ್ರೆಡ್ ನಡ್ಸನ್ 1971ರಲ್ಲಿ, ಮಕ್ಕಳ ಕಣ್ಣಿನ ಪರದೆಗೆ ಬರುವ ಕ್ಯಾನ್ಸರ್‌ನ 48 ಪ್ರಕರಣ ಇಟ್ಟುಕೊಂಡು ಇದನ್ನು ಬರೀ ಲೆಕ್ಕದಲ್ಲಿ ಕಂಡುಹಿಡಿದ. ಎರಡೂ ಕಣ್ಣಿಗೆ ಬಂದ ಮಕ್ಕಳಿಗೆ ಕಾಯಿಲೆ ಬೇಗ ಬರುತ್ತಿತ್ತು. ಒಂದೇ ಕಣ್ಣಿಗೆ ಬಂದವರಿಗೆ ಸ್ವಲ್ಪ ತಡವಾಗಿ. ಯಾಕೆ? ಮೊದಲನೆಯವರು ಹುಟ್ಟುವಾಗಲೇ ಒಂದು ಹಲಗೆ ಕಳೆದುಕೊಂಡೇ ಹುಟ್ಟಿದವರು. ಅದೂ ಒಂದು ತೂಬಿನಲ್ಲಲ್ಲ, ಊರಿನ ಅಷ್ಟೂ ತೂಬಿನಲ್ಲಿ. ಲಕ್ಷಾಂತರ ತೂಬುಗಳಲ್ಲಿ ಎಲ್ಲೋ ಒಂದರ ಎರಡನೇ ಹಲಗೆ ಮುರಿಯದೆ ಇರುತ್ತಾ? ಎರಡನೆಯವರಿಗೆ ಒಂದೇ ತೂಬಿನ ಎರಡೂ ಹಲಗೆ ಒಂದಾದ ಮೇಲೊಂದು ಮುರಿಯಬೇಕು. ಅಪರೂಪ, ಅದಕ್ಕೇ ತಡ, ಅದಕ್ಕೇ ಒಂದೇ ಕಣ್ಣು.

ತೂಬು ನೋಡದವರಿಗೆ ಕಾರಿನ ಸ್ಟೆಪ್ನಿ. ಮಂಡ್ಯದಿಂದ ಮೈಸೂರಿಗೆ ಹೊರಡುವಾಗಲೇ ಸ್ಟೆಪ್ನಿ ಪಂಕ್ಚರ್ ಆಗಿದ್ದರೆ, ಶ್ರೀರಂಗಪಟ್ಟಣದ ಹತ್ತಿರ ಒಂದು ಮೊಳೆ ಸಾಕು. ಸ್ಟೆಪ್ನಿ ಸರಿಯಿದ್ದರೆ ಎರಡು ಮೊಳೆ ಬೇಕು. ವಂಶದಲ್ಲಿ ಬರುವುದು ಅಂದರೆ ಇಷ್ಟೇ. ಬರುವುದು ಕ್ಯಾನ್ಸರ್ ಅಲ್ಲ, ಪಂಕ್ಚರ್ ಆದ ಸ್ಟೆಪ್ನಿ. ನಡ್ಸನ್ ಲೆಕ್ಕ ಹಾಕಿದ 15 ವರ್ಷದ ಮೇಲೆ, 1986ರಲ್ಲಿ, ಆ ಜೀನ್ ಕೈಗೆ ಸಿಕ್ಕಿತು. ಆರ್‌ಬಿ ಅಂತ ಹೆಸರು. (ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.)

ತೂಬು ಇದ್ದ ಮೇಲೆ ನೀರುಗಂಟಿ ಇರಬೇಕಲ್ವಾ? ರಾತ್ರಿ ಏರಿ ಮೇಲೆ ಓಡಾಡಿ, ಎಲ್ಲಿ ಸೋರುತ್ತಿದೆ ನೋಡುವವನು. ಅವನ ಹೆಸರು ಪಿ53. ಡಿಎನ್‌ಎ ಕೆಟ್ಟಿದೆ ಅಂತ ಗೊತ್ತಾದರೆ ಕೋಶ ಒಡೆಯುವುದನ್ನು ನಿಲ್ಲಿಸುತ್ತಾನೆ, ರಿಪೇರಿಗೆ ಹೇಳಿಕಳಿಸುತ್ತಾನೆ, ಆಗಲ್ಲ ಅಂದರೆ ಆ ಕೋಶವನ್ನೇ ಸಾಯಿಸುತ್ತಾನೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಲ್ಲಿ ಈ ನೀರುಗಂಟಿಯೇ ಕೆಟ್ಟಿರುತ್ತಾನೆ. ಗರ್ಭಕೊರಳ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಇನ್ನೂ ಜಾಣ. ಅದರ ಒಂದು ಪ್ರೋಟೀನ್ ನೀರುಗಂಟಿಯನ್ನು ಮುಗಿಸುತ್ತದೆ, ಇನ್ನೊಂದು ಆರ್‌ಬಿ ಹಲಗೆಯನ್ನು ಹಿಡಿದೆಳೆಯುತ್ತದೆ. ಅದಕ್ಕೆ ಲಸಿಕೆ ಇದೆ, ಹೆಣ್ಣುಮಕ್ಕಳಿಗೆ ಹಾಕಿಸಿ.

ದಸರಾ ಬಂದಾಗ ಮೈಸೂರಿನಲ್ಲಿ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ. 2025ರ ದಸರಾದಲ್ಲಿ ಅಂಬಾರಿ ಹೊತ್ತ ಅಭಿಮನ್ಯು ಐದು ಸಾವಿರ ಕೆಜಿ ದಾಟಿದ್ದ. ಎಂಬತ್ತು ಜನರ ತೂಕ ಒಂದೇ ಮೈಯಲ್ಲಿ. ಅಷ್ಟು ಜಾಸ್ತಿ ಜೀವಕೋಶ ಇದ್ದರೆ ಎಡವಟ್ಟೂ ಅಷ್ಟು ಜಾಸ್ತಿ ಆಗಬೇಕು. ಆದರೆ ಆನೆಗೆ ಕ್ಯಾನ್ಸರ್ ನಮಗಿಂತ ಕಡಿಮೆ. 2015ರಲ್ಲಿ ಒಂದು ಕಾರಣ ಸಿಕ್ಕಿತು. ನಮಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪಿ53 ಜೀನ್ ಬಂದರೆ, ಆಫ್ರಿಕಾದ ಆನೆಗೆ ಒಬ್ಬೊಬ್ಬರಿಂದಲೂ 20 ಪ್ರತಿ ಬರುತ್ತದೆ. ನಮ್ಮ ಏಷ್ಯಾ ಆನೆಗೂ ಹತ್ತಕ್ಕಿಂತ ಜಾಸ್ತಿ. ಎಲ್ಲ ಪ್ರತಿಯೂ ಪೂರ್ತಿ ಇಲ್ಲ, ತುಂಡು ತುಂಡಾದವೂ ಇವೆ. ಆದರೂ ಡಿಎನ್‌ಎಗೆ ಪೆಟ್ಟು ಬಿದ್ದರೆ ಆನೆಯ ಜೀವಕೋಶ ನಮ್ಮದಕ್ಕಿಂತ ಬೇಗ ತಾನೇ ಸಾಯುತ್ತದೆ.

ಇನ್ನು ಬೀಡಿ. ಹೊಗೆಯಲ್ಲಿ ಬೆಂಜೊಪೈರೀನ್ ಅಂತ ಒಂದು ರಾಸಾಯನಿಕ ಇದೆ. ಅದು ಇದ್ದ ಹಾಗೇ ಇದ್ದರೆ ಅಷ್ಟು ತೊಂದರೆ ಇಲ್ಲ. ನಮ್ಮ ಮೈ ಅದನ್ನು ನೀರಲ್ಲಿ ಕರಗಿಸಿ ಹೊರಗೆ ಹಾಕೋಣ ಅಂತ ಹೋಗಿ ಹಲಸಿನ ಅಂಟಿನಂತೆ ಮಾಡಿಬಿಡುತ್ತದೆ. ಆ ಅಂಟು ಡಿಎನ್‌ಎಯ 'ಜಿ' ಅಕ್ಷರಕ್ಕೆ ಮೆತ್ತಿಕೊಳ್ಳುತ್ತದೆ, ನಕಲು ಮಾಡುವಾಗ 'ಜಿ' ಹೋಗಿ 'ಟಿ' ಆಗುತ್ತದೆ. ಈ ಅಂಟು ಪಿ53 ಜೀನಿನ ಯಾವ ಯಾವ ಜಾಗದಲ್ಲಿ ಕೂರುತ್ತದೆ ಅಂತ 1996ರಲ್ಲಿ ನೋಡಿದರು. ಸಿಗರೇಟು ಸೇದುವವರ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಪದೇಪದೇ ಕೆಟ್ಟಿರುತ್ತಿದ್ದ ಜಾಗಗಳೂ ಅವೇ. ಬೆರಳಚ್ಚು ತಾಳೆಯಾದ ಹಾಗೆ.

ಇದನ್ನೆಲ್ಲಾ ಗೌಡರಿಗೆ ಹೇಳಿದೆ. ಕೋಳಿ ಕಥೆ ಬಿಟ್ಟು. ನಾಲೆಯನ್ನೇ ತೋರಿಸಿ ತೂಬು, ಹಲಗೆ, ನೀರುಗಂಟಿ ಅಂದೆ. ಅಪ್ಪನ ಗಂಟಲ ಕೋಶದಲ್ಲಿ ಅಕ್ಷರ ಕೆಟ್ಟರೆ ಅದು ಆ ಗಂಟಲಲ್ಲೇ ಉಳಿಯುತ್ತದೆ, ವೀರ್ಯಕ್ಕೆ ಇಳಿಯಲ್ಲ, ಮಗಳಿಗೆ ಬರಲ್ಲ ಅಂದೆ. ಒಂದೇ ಮನೆಯಲ್ಲಿ ಮೂರ್ನಾಲ್ಕು ಜನಕ್ಕೆ, ಅದೂ ಚಿಕ್ಕ ವಯಸ್ಸಿಗೇ ಬಂದಿದ್ದರೆ ಡಾಕ್ಟರನ್ನು ಕೇಳಬೇಕಾದ ಮಾತು. ಈ ಮನೆಯಲ್ಲಿ ಹಾಗೇನೂ ಇರಲಿಲ್ಲ.

"ಅವ್ರಪ್ಪ ಏನ್ ಸೇದ್ತಿದ್ರಂತೆ?" ಅಂತ ಕೇಳಿದೆ.

"ಬೀಡಿನೇ. ದಿನಕ್ಕೆ ಎರಡು ಕಟ್ಟಂತೆ."

"ನಿಮ್ಮ ಹುಡುಗ?"

ಗೌಡರು ಕೈಯಲ್ಲಿದ್ದ ಮೋಟು ಬೀಡಿ ನೋಡಿದರು. ಆಮೇಲೆ ನಾಲೆ ಕಡೆ ನೋಡುತ್ತಾ, "ಅವ್ನು ಸಿಗರೇಟು ಮೇಷ್ಟ್ರೇ" ಅಂದರು.